ಎರಡು ನಿಮಿಷದ ಫೋನು, ಮೂರು ದಿನದ ರೈಲು

ಮಿಲಿಟ್ರಿ ಮಾವನಿಗೆ ಓದುಗರ ಪ್ರಶ್ನೆಗಳು

"ನೀವು ಸೈನ್ಯದಲ್ಲಿದ್ದವರು, ಓದುಗರ ಪ್ರಶ್ನೆಗಳಿಗೆ ಒಂದು ಸಲ ಉತ್ತರ ಬರೆಯಿರಿ" ಎಂದು ಸಂಪಾದಕರು ಹೇಳಿದಾಗ ಕ್ಯಾಂಟೀನ್ ಕಾರ್ಡು, ಪೆನ್ಶನ್ನು, ಬಂದೂಕು, ಇಂಥದ್ದೇ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಬಂದದ್ದು ಬೇರೆಯೇ. ಮುಕ್ಕಾಲು ಪಾಲು ಪತ್ರ ಮನೆಯವರದ್ದು. ಮಗ ಸರಿಯಾಗಿ ಊಟ ಮಾಡುತ್ತಾನಾ, ತಮ್ಮ ಯಾಕೆ ಮಾತು ಕಡಿಮೆ ಮಾಡಿದ್ದಾನೆ, ಗಂಡ ಏನಾದರೂ ಮುಚ್ಚಿಡುತ್ತಿದ್ದಾರಾ, ಹೀಗೆ. ಹಾಗಾಗಿ ಪೆನ್ಶನ್ ಪ್ರಶ್ನೆಗಳನ್ನು ಕಟ್ಟಿ ಬದಿಗಿಟ್ಟಿದ್ದೇನೆ. ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಬಗ್ಗೆ ಎರಡೇ ಮಾತು. ಮನೆ ಕಾಸರಗೋಡಿನ ಪೆರ್ಲದ ಹತ್ತಿರ. 1994ರಲ್ಲಿ ಮದ್ರಾಸ್ ರೆಜಿಮೆಂಟಿಗೆ ಸೇರಿದೆ, 24 ವರ್ಷ ಕಳೆದು ಹವಾಲ್ದಾರನಾಗಿ ಮನೆಗೆ ಬಂದೆ. ಈಗ ಅಡಿಕೆ ತೋಟ, ಎರಡು ದನ. ಊರಿನ ಮಕ್ಕಳು ಮಿಲಿಟ್ರಿ ಮಾವ ಅಂತ ಕರೆಯುತ್ತಾರೆ, ಸಂಪಾದಕರೂ ಅದನ್ನೇ ಹಾಕಿಬಿಟ್ಟಿದ್ದಾರೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ.

ಅಣ್ಣಾ, ನನ್ನ ಮಗ ಅಗ್ನಿವೀರನಾಗಿ ಸೇರಿ ವರ್ಷ ಒಂದಾಯಿತು. ಟ್ರೈನಿಂಗ್ ಮುಗಿದು ಈಗ ಉತ್ತರದ ಕಡೆ ಎಲ್ಲೋ ಇದ್ದಾನೆ. ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಊಟ ಆಯ್ತಾ ಅಂದರೆ ಆಯ್ತು, ಹುಷಾರುಂಟಾ ಅಂದರೆ ಹೂಂ. ಎರಡು ನಿಮಿಷಕ್ಕೆ "ಇಡ್ತೇನೆ ಅಮ್ಮ" ಅಂತಾನೆ. ಇಲ್ಲಿರುವಾಗ ಬಾಯಿ ಮುಚ್ಚಿದ್ದೇ ಇಲ್ಲ ಅವನು. ಅಲ್ಲಿ ಏನಾದರೂ ತೊಂದರೆ ಉಂಟಾ? ಬೆಳಿಗ್ಗೆಯಿಂದ ರಾತ್ರಿ ತನಕ ಏನು ಮಾಡುತ್ತಾನೆ ಅಂತಾದರೂ ಗೊತ್ತಾದರೆ ನನಗೊಂದು ಸಮಾಧಾನ.
— ನೀರ್ಚಾಲಿನ ಒಬ್ಬ ಅಮ್ಮ

ತಂಗೀ, ತೊಂದರೆ ಇರಲಿಕ್ಕಿಲ್ಲ. ಆದರೆ ಸುಮ್ಮನೆ "ಹೆದರಬೇಡ" ಅಂದರೆ ನಿನಗೆ ನಿದ್ದೆ ಬರುವುದಿಲ್ಲ ಅಂತ ನನಗೂ ಗೊತ್ತು. ಅದಕ್ಕೆ ಅವನ ದಿನ ಹೇಗೆ ಹೋಗುತ್ತದೆ ಅಂತ ಹೇಳುತ್ತೇನೆ, ಕೇಳು.

ನೀನು ದನ ಕರೆಯಲು ಏಳುವ ಹೊತ್ತಿಗೆ ಅವನೂ ಎದ್ದಿರುತ್ತಾನೆ. ಕ್ಷೌರ ಮಾಡಿಕೊಂಡು, ಹಾಸಿಗೆ ಸುಕ್ಕಿಲ್ಲದ ಹಾಗೆ ಎಳೆದು, ಮಗ್ಗು ಹಿಡಿದು ಲಂಗರಿಗೆ ಓಡುತ್ತಾನೆ. ಲಂಗರ್ ಅಂದರೆ ಅಡಿಗೆಮನೆ. ಅಲ್ಲಿ ಚಹಾ. ಆಮೇಲೆ ಫಾಲ್ ಇನ್, ಲೆಕ್ಕ, ಪಿಟಿ. ಓಟ, ಹಗ್ಗ ಹತ್ತುವುದು, ಬಸ್ಕಿ. ಬೆವರು ಆರುವ ಮೊದಲು ಸ್ನಾನ, ತಿಂಡಿ, ಮತ್ತೆ ಯೂನಿಫಾರ್ಮು, ಮತ್ತೆ ಫಾಲ್ ಇನ್. ದಿನಕ್ಕೆ ಎಷ್ಟು ಸಲ ಸಾಲಾಗಿ ನಿಂತೆ ಅಂತ ಒಮ್ಮೆ ಎಣಿಸಲು ಹೊರಟು ಮಧ್ಯಾಹ್ನಕ್ಕೇ ಬಿಟ್ಟುಬಿಟ್ಟಿದ್ದೇನೆ ನಾನು! ಆಮೇಲೆ ಡ್ರಿಲ್ಲು, ಆಯುಧದ ಪಾಠ, ಇಲ್ಲದಿದ್ದರೆ ಫಟೀಗ್. ಫಟೀಗ್ ಅಂದರೆ ಹುಲ್ಲು ಕೆರೆಯುವುದು, ಕಲ್ಲಿಗೆ ಸುಣ್ಣ ಬಳಿಯುವುದು, ಗಾಡಿಯಿಂದ ಸಾಮಾನು ಇಳಿಸುವುದು. ಟಿವಿಯಲ್ಲಿ ತೋರಿಸುವ ಸೈನ್ಯದಲ್ಲಿ ಈ ಸುಣ್ಣ ಬಳಿಯುವುದು ಇಲ್ಲವೇ ಇಲ್ಲ. ನಿಜವಾದದ್ದರಲ್ಲಿ ಅದು ಬೇಕಾದಷ್ಟುಂಟು. ಮಧ್ಯಾಹ್ನ ಊಟ, ಸ್ವಲ್ಪ ವಿಶ್ರಾಂತಿ, ಸಂಜೆ ವಾಲಿಬಾಲೋ ಫುಟ್‌ಬಾಲೋ. ಕತ್ತಲೆಗೆ ರೋಲ್ ಕಾಲ್, ನಾಳೆ ಯಾರಿಗೆ ಯಾವ ಡ್ಯೂಟಿ ಅಂತ ಓದಿ ಹೇಳುತ್ತಾರೆ. ಸೆಂಟ್ರಿ ಡ್ಯೂಟಿ ಬಿದ್ದರೆ ಎರಡು ಗಂಟೆ ನಿಲ್ಲಬೇಕು, ಸ್ವಲ್ಪ ಮಲಗಬೇಕು, ಮತ್ತೆ ಎದ್ದು ನಿಲ್ಲಬೇಕು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದಾಗ ಚಳಿಯಲ್ಲಿ ಬೂಟಿನ ಲೇಸು ಕಟ್ಟುವುದುಂಟಲ್ಲ, ಇಡೀ ಕೆಲಸದಲ್ಲಿ ನನಗೆ ಆಗದಿದ್ದದ್ದು ಅದೊಂದೇ.

ಅಂದರೆ ನಿನ್ನ ಮಗನಿಗೆ ಹಗಲು ಮನೆ ನೆನಪು ಮಾಡಿಕೊಳ್ಳಲು ಪುರುಸೊತ್ತಿಲ್ಲ. ನೆನಪು ಬರುವುದು ಫೋನ್ ಹಿಡಿದಾಗ. ಫೋನ್ ಮಾಡುವುದಾದರೂ ಎಲ್ಲಿ? ಬ್ಯಾರಕಿನಲ್ಲಿ. ಆ ಕಡೆ ಹತ್ತು ಮಂಚ, ಈ ಕಡೆ ಹತ್ತು ಮಂಚ. ಭಾಷೆ ಗೊತ್ತಿಲ್ಲದವನಿಗೂ ಸ್ವರ ಗೊತ್ತಾಗುತ್ತದೆ. ಗಂಟಲು ಕಟ್ಟಿಕೊಂಡರೆ ನಾಳೆಯಿಂದ ಇಡೀ ಸೆಕ್ಷನ್ನಿನವರು ತಮಾಷೆ ಮಾಡುತ್ತಾರೆ. ಅದಕ್ಕೆ "ಇಡ್ತೇನೆ ಅಮ್ಮ". ಕೋಪಕ್ಕಲ್ಲ ಅದು. ಇನ್ನೊಂದು ನಿಮಿಷ ಮಾತಾಡಿದರೆ ಅಳು ಬರುತ್ತದೆ ಅಂತ ಅವನಿಗೆ ಗೊತ್ತು.

ನನ್ನದೇ ಒಂದು ಹೇಳುತ್ತೇನೆ. ನಾನು ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ರಂಗ್ರೂಟ್, ಅಂದರೆ ಟ್ರೈನಿಂಗಿನ ಹೊಸಬ, ಆಗಿರುವಾಗ ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪೇಟೆಯ ಒಂದು ಜಿನಸು ಅಂಗಡಿಯಲ್ಲಿತ್ತು. ಭಾನುವಾರ ಎಸ್‌ಟಿಡಿ ಬೂತಿನಲ್ಲಿ ಸಾಲು ನಿಂತು ಅಂಗಡಿಗೆ ಮಾಡಿ "ಅಮ್ಮನನ್ನು ಕರೀರಿ, ಅರ್ಧ ಗಂಟೆ ಬಿಟ್ಟು ಮಾಡ್ತೇನೆ" ಅಂತ ಹೇಳುವುದು. ಅಂಗಡಿಯ ಹುಡುಗ ತೋಟ ದಾಟಿ ಓಡುವುದು. ಅಮ್ಮ ಕೈ ಒರೆಸಿಕೊಂಡು ಏದುಸಿರು ಬಿಡುತ್ತಾ ಬರುವುದು. ಇಷ್ಟೆಲ್ಲ ಆಗಿ ಫೋನ್ ಎತ್ತಿದರೆ ಅಮ್ಮ ಹೇಳುತ್ತಿದ್ದದ್ದು ಒಂದೇ. "ಹಣ ಜಾಸ್ತಿ ಆಗ್ತದೆ ಮಗಾ, ಇಡು." ಮೀಟರಿನ ಕೆಂಪು ಅಂಕಿ ಓಡುವುದು ನನಗೆ ಕಾಣುತ್ತಿತ್ತು, ಅಮ್ಮನಿಗೆ ಪೆರ್ಲದಲ್ಲಿ ಕೂತೇ ಕಾಣುತ್ತಿತ್ತು! ಆದರೆ ಒಂದು ಸಲ, ಇಡುವ ಮೊದಲು ಒಂದೇ ಉಸಿರಿಗೆ ಹೇಳಿದರು: "ಕಪ್ಪು ದನ ಕರು ಹಾಕಿತು, ಹೆಣ್ಣು, ಹಣೆಯಲ್ಲಿ ಬಿಳಿ ಚುಕ್ಕೆ ಉಂಟು." ಆ ವಾರ ಪೂರ್ತಿ ನಾನು ಆ ಚುಕ್ಕೆ ಗುಂಡಗುಂಟಾ, ಉದ್ದ ಉಂಟಾ ಅಂತ ಯೋಚನೆ ಮಾಡುತ್ತಾ ಡ್ರಿಲ್ ಮಾಡಿದ್ದೇನೆ. ಎಡಗಾಲು ಬದಲು ಬಲಗಾಲು ಎತ್ತಿ, ಡ್ರಿಲ್ ಕಲಿಸುವ ಉಸ್ತಾದರಿಂದ ಬೈಸಿಕೊಂಡದ್ದೂ ಉಂಟು.

ಅದಕ್ಕೆ, ಊಟ ಆಯ್ತಾ ಅಂತ ಕೇಳಬೇಡ. ಅದಕ್ಕೆ ಆಯ್ತು ಅಂತಲ್ಲದೆ ಬೇರೆ ಉತ್ತರವೇ ಇಲ್ಲ. "ಇವತ್ತು ಪಲ್ಯ ಎಂತದ್ದು, ಯಾರು ಬಡಿಸಿದ್ದು, ನಿನ್ನ ಪಕ್ಕದ ಮಂಚದವನ ಊರು ಯಾವುದು" ಅಂತ ಕೇಳು. ನೀನೂ ಹೇಳು. ನೀರಿಗಾಗಿ ಗುಡ್ಡ ಕೊರೆದ ಸುರಂಗದಲ್ಲಿ ನೀರು ಎಷ್ಟುಂಟು, ಅಡಿಕೆಗೆ ಎರಡನೇ ಮದ್ದು ಬಿಟ್ಟಾಯಿತಾ, ಪಕ್ಕದ ಮನೆಯವರ ಜೀಪು ಮತ್ತೆ ಚಡಾವಿನಲ್ಲಿ ನಿಂತಿತಾ. ನಿನಗೆ ಇದು ಹೇಳುವಂಥ ವಿಷಯವೇ ಅಲ್ಲ ಅನಿಸಬಹುದು. ಅವನಿಗೆ ಬೇಕಾದದ್ದು ಅದೇ.

ಊಟದ ವಿಷಯ. ಹೊಟ್ಟೆ ತುಂಬ ಕೊಡುತ್ತಾರೆ, ಅದರಲ್ಲಿ ಸಂಶಯ ಬೇಡ. ಮದ್ರಾಸ್ ರೆಜಿಮೆಂಟಿನಲ್ಲಿ ದಕ್ಷಿಣದವರೇ ಆದ ಕಾರಣ ನಮಗೆ ಅನ್ನ ಸಾಂಬಾರು ಸಿಗುತ್ತಿತ್ತು. ಎಲ್ಲಾ ಕಡೆಯವರು ಇರುವ ಯೂನಿಟ್ಟಾದರೆ ರೊಟ್ಟಿ ದಾಲ್ ಜಾಸ್ತಿ, ಸಂಜೆ ಚಹಾಕ್ಕೆ ಶಕ್ಕರ್‌ಪಾರೆ. ಸಿಗದೇ ಇರುವುದು ಕುಚ್ಚಲಕ್ಕಿ ಗಂಜಿ ಮತ್ತು ಒಂದು ಚಮಚ ತೆಂಗಿನೆಣ್ಣೆ ಬಿಟ್ಟ ಪಲ್ಯ. ಮೈ ಇಳಿದದ್ದು ಓಟಕ್ಕೆ, ಹಸಿವಿಗಲ್ಲ.

ಇನ್ನೊಂದು, ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಾಲದಲ್ಲಿ ಸೇರಿದರೆ ಪೆನ್ಶನ್ ತನಕ ಅಂತ ಧೈರ್ಯ ಇತ್ತು. ಅಗ್ನಿವೀರರಿಗೆ ನಾಲ್ಕು ವರ್ಷ, ಆಮೇಲೆ ನೂರಕ್ಕೆ 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ ಅಂತ 2022ರಲ್ಲಿ ಯೋಜನೆ ತಂದಾಗಲೇ ಹೇಳಿದ್ದಾರೆ. ಉಳಿಯುವವರಲ್ಲಿ ನಾನಿರುತ್ತೇನಾ ಅಂತ ಆ ಬ್ಯಾರಕಿನಲ್ಲಿ ಪ್ರತಿಯೊಬ್ಬನ ತಲೆಯಲ್ಲೂ ಇರುತ್ತದೆ. "ನಾಲ್ಕು ವರ್ಷ ಆದ ಮೇಲೆ ಏನು ಮಾಡ್ತೀಯಾ" ಅಂತ ಈಗಲೇ ಕೇಳಿ ಅವನ ತಲೆ ತಿನ್ನಬೇಡ. ನೆಂಟರಿಗೂ ಹೇಳಿಡು, ಮುಖ್ಯವಾಗಿ ಫೋನ್ ಕಸಿದುಕೊಂಡು ಬುದ್ಧಿ ಹೇಳುವ ನೆಂಟರಿಗೆ.

ಮಾವ, ನಾನೀಗ ಕ್ಯಾಂಪಿನಿಂದಲೇ ಬರೆಯುತ್ತಿದ್ದೇನೆ, ಎಲ್ಲಿ ಅಂತ ಬರೆಯುವುದಿಲ್ಲ. ಮೊದಲ ರಜೆ ಮುಗಿಸಿ ಬಂದು ಎರಡು ವಾರ ಆಯಿತು. ಟ್ರೈನಿಂಗಿನಲ್ಲಿ ಇಷ್ಟು ಕಷ್ಟ ಆಗಿರಲಿಲ್ಲ. ಈಗ ಭಾನುವಾರ ಮಧ್ಯಾಹ್ನ ಆದರೆ ಎದೆ ಹಿಂಡಿದ ಹಾಗೆ ಆಗುತ್ತದೆ. ಇನ್ನೊಂದು, ಇಲ್ಲಿ ಮಲಯಾಳಿಗಳು ನನ್ನನ್ನು ಕನ್ನಡದವನು ಅಂತಾರೆ, ಕರ್ನಾಟಕದವರು "ನೀನು ಕೇರಳದವನಲ್ವಾ" ಅಂತಾರೆ, ಉತ್ತರದವರಿಗೆ ನಾವೆಲ್ಲ ಮದ್ರಾಸಿ. ಯಾರ ಜೊತೆ ಕೂರಬೇಕು ಅಂತಲೇ ಗೊತ್ತಾಗುವುದಿಲ್ಲ.
— ಬದಿಯಡ್ಕದ ಕಡೆಯವನು

ಮಗಾ, ಕ್ಯಾಂಪ್ ಎಲ್ಲಿ ಅಂತ ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ಮೊದಲ ರಜೆ ಮುಗಿಸಿ ಬಂದ ಮೇಲೆ ಜಾಸ್ತಿ ಕಷ್ಟ ಆಗುವುದು ನಿನಗೊಬ್ಬನಿಗಲ್ಲ. ಟ್ರೈನಿಂಗಿನಲ್ಲಿ ಅಳಲಿಕ್ಕೂ ಬಿಡುವುದಿಲ್ಲ. ಎಲ್ಲರೂ ಹೊಸಬರು, ಎಲ್ಲರಿಗೂ ಒಂದೇ ಪೆಟ್ಟು. ರಜೆಗೆ ಹೋಗಿ ಬಂದವನಿಗೆ ಮಾತ್ರ ಮನೆಯ ಜಗಲಿ ಈಗ ತಾನೇ ಬಿಟ್ಟು ಬಂದ ಹಾಗೆ ಇರುತ್ತದೆ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದಾಯಿತು, ಬೂಟಿಗೆ ಪಾಲಿಶ್ ಆಯಿತು, ಕೂದಲು ತೆಗೆಸಿ ಆಯಿತು. ಊಟ ಆದ ಮೇಲೆ ಮಂಚ, ತಗಡಿನ ಮಾಡು, ತಂತಿಯ ಮೇಲೆ ಒಣಗುವ ಬನಿಯನ್ನುಗಳು. ಆ ಎರಡರಿಂದ ನಾಲ್ಕು ಗಂಟೆ ಉಂಟಲ್ಲ, ನನಗೆ 24 ವರ್ಷದಲ್ಲೂ ಅದು ಅಭ್ಯಾಸ ಆಗಲಿಲ್ಲ. ಗುಡ್ಡ ಹತ್ತಿದ್ದು, ಹಿಮದಲ್ಲಿ ನಿಂತದ್ದು ಎಲ್ಲ ಅಭ್ಯಾಸವಾಯಿತು. ನಾನು ಮಾಡುತ್ತಿದ್ದದ್ದು ಒಂದೇ, ಆ ಹೊತ್ತಿಗೆ ಮಲಗುತ್ತಿರಲಿಲ್ಲ. ಮಂಚ ಬಿಟ್ಟು ಹೊರಗೆ ಹೋಗಿ ಯಾರದ್ದಾದರೂ ಕೆಲಸಕ್ಕೆ ಕೈ ಹಾಕುತ್ತಿದ್ದೆ. ಲಂಗರಿನಲ್ಲಿ ಈರುಳ್ಳಿ ಕೊಯ್ಯಲು ಕೂತರೆ ಇನ್ನೂ ಒಳ್ಳೆಯದು, ಕಣ್ಣಲ್ಲಿ ನೀರು ಬಂದರೂ ಯಾರೂ ಕೇಳುವುದಿಲ್ಲ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ಮಾಡಿದ್ದೇನೆ.

ಇನ್ನು ಯಾರ ಜೊತೆ ಕೂರಬೇಕು ಅನ್ನುವುದು. ನನ್ನ ಅಜ್ಜ ಹುಟ್ಟುವಾಗ ನಮ್ಮ ಮನೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ನಾನು ಹುಟ್ಟುವಾಗ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಮನೆ ಒಂದು ಅಂಗುಲವೂ ಅತ್ತಿತ್ತ ಹೋಗಲಿಲ್ಲ. ನಾವು ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪೇಟೆಯಲ್ಲಿ ತುಳು ಅಂತ ಬೆಳೆದವರು. ಊರಲ್ಲಿ ಅರ್ಜಿ ತುಂಬಿಸುವಾಗ ಇದು ತಲೆನೋವು. ಸೈನ್ಯದಲ್ಲಿ ಇದೇ ಆಸ್ತಿ.

ನಮ್ಮ ರೆಜಿಮೆಂಟಿನ ಯುದ್ಧಘೋಷ "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು" ಅಂತ. ಮೊದಲ ವಾರ ಉಸ್ತಾದರು ಅದನ್ನು ಹೇಳಿಸುವಾಗ ಹಾಸನದ ಕಡೆಯ ಒಬ್ಬ ನನ್ನ ಕಿವಿಯಲ್ಲಿ ಕೇಳಿದ, "ಕೊಲ್ಲು ಗೊತ್ತಾಯ್ತು, ಈ ಅಡಿ ಯಾವುದು ಮಾರಾಯ, ಕಾಲಡಿಯಾ?" ಅಡಿ ಅಂದರೆ ತಮಿಳು ಮಲಯಾಳದಲ್ಲಿ ಹೊಡೆ ಅಂತ. ನನಗೆ ಗೊತ್ತಿತ್ತು, ಅವನಿಗೆ ಹೇಳಿದೆ. ಅಲ್ಲಿಂದ ಶುರು. ಕನ್ನಡದವರಿಗೆ ಮಲಯಾಳದ ತಮಾಷೆ ಬಿಡಿಸಿ ಹೇಳುವವನು ನಾನು, ಕಣ್ಣೂರಿನವನಿಗೂ ಮಂಡ್ಯದವನಿಗೂ ಜಗಳವಾದರೆ ಇಬ್ಬರ ಬೈಗಳನ್ನೂ ಸ್ವಲ್ಪ ಮೆತ್ತಗೆ ಮಾಡಿ ದಾಟಿಸುವವನೂ ನಾನು. ಆರು ತಿಂಗಳಲ್ಲಿ ಎಲ್ಲ ಮಂಚದಲ್ಲೂ ನನಗೆ ಜಾಗ ಇತ್ತು. ನೀನು ಯಾರ ಜೊತೆ ಕೂರಲಿ ಅಂತ ಕೇಳುತ್ತೀಯಲ್ಲ, ಎಲ್ಲರ ಜೊತೆ ಕೂತು ನಗಲು ಬರುವುದು ಆ ಬ್ಯಾರಕಿನಲ್ಲಿ ಬಹುಶಃ ನಿನಗೊಬ್ಬನಿಗೇ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎರಡು ವಾರದ ಬೇಜಾರು ಬೇರೆ. ರಾತ್ರಿ ಇಡೀ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಕೈಯಲ್ಲಿ ರೈಫಲ್ ಇರುವಾಗ ತಲೆಯಲ್ಲಿ ಬರಬಾರದ ಯೋಚನೆ ಬರುತ್ತದೆ ಅಂತಾದರೆ ಒಂದು ದಿನವೂ ಕಾಯಬೇಡ. ನಿಮ್ಮ ಪ್ಲಟೂನಿನ ಸಾಹೇಬರಿಗೆ ಹೇಳು, ಕಂಪನಿ ಕಮಾಂಡರನ್ನು ನೋಡಬೇಕು ಅಂತ ಕೇಳು, ಯೂನಿಟ್ಟಿನ ಡಾಕ್ಟರ ಹತ್ತಿರ ಹೋಗು. 14416 ಅಂತ ಟೆಲಿ ಮಾನಸ್ ಸಹಾಯವಾಣಿ ಉಂಟು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಾಲದಲ್ಲಿ ಇದನ್ನೆಲ್ಲ ಹೇಳಿದರೆ ನಗುತ್ತಿದ್ದರು. ನಗಬಾರದಿತ್ತು.

ನನ್ನ ಗಂಡನನ್ನು ಲಡಾಖಿನ ಕಡೆ ಕಳಿಸಿದ್ದಾರೆ. ಹೋಗಿ ಐದು ದಿನ ಆಯಿತು, ಕೆಲಸ ಕೊಡದೆ ಸುಮ್ಮನೆ ಕೂರಿಸಿದ್ದಾರಂತೆ, ದಿನಾ ಡಾಕ್ಟರು ನೋಡುತ್ತಾರಂತೆ. ಏನೋ ಕಾಯಿಲೆ ಮುಚ್ಚಿಡುತ್ತಿದ್ದಾರೆ ಅಂತ ನನಗೆ ಸಂಶಯ.
— ಮುಳ್ಳೇರಿಯದ ಓದುಗರು

ಇಲ್ಲಮ್ಮಾ, ಕಾಯಿಲೆ ಬರಬಾರದು ಅಂತಲೇ ಕೂರಿಸಿದ್ದು. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಸಮುದ್ರದ ಬದಿಯ ನಮ್ಮಂಥವರು ವಿಮಾನದಿಂದ ಇಳಿದು ಮರುದಿನವೇ ಓಡಾಡಿದರೆ ಶ್ವಾಸಕೋಶಕ್ಕೆ ನೀರು ತುಂಬಿ ಜೀವಕ್ಕೇ ಕುತ್ತು. ಅದಕ್ಕೆ ಸೈನ್ಯದಲ್ಲಿ ಲೆಕ್ಕ ಉಂಟು. 9,000ದಿಂದ 12,000 ಅಡಿಯಲ್ಲಿ ಆರು ದಿನ, ಅಲ್ಲಿಂದ 15,000 ಅಡಿ ತನಕ ಇನ್ನೂ ನಾಲ್ಕು ದಿನ, ಅದಕ್ಕಿಂತ ಮೇಲೆ ಹೋಗುವುದಾದರೆ ಮತ್ತೆ ನಾಲ್ಕು. ಮೊದಲ ಎರಡು ದಿನ ಬರೀ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ. ದೊಡ್ಡ ಪೈಲ್ವಾನನಾದರೂ ಬಿಡುವುದಿಲ್ಲ. ಪೈಲ್ವಾನರೇ ಮೊದಲು ಬೀಳುವುದನ್ನು ನಾನು ನೋಡಿದ್ದೇನೆ, ಯಾಕೆಂದರೆ ಅವರೇ ಮಾತು ಕೇಳುವುದಿಲ್ಲ. ನಿಮ್ಮ ಯಜಮಾನರು ಬೋರ್ ಆಗುತ್ತದೆ ಅಂತ ಗೊಣಗಿದರೆ ಗೊಣಗಲಿ. ಆದರೆ ತಲೆನೋವು, ಒಣಕೆಮ್ಮು ಇದ್ದರೆ ಡಾಕ್ಟರ ಹತ್ತಿರ ಅಡಗಿಸಬೇಡಿ ಅಂತ ನೀವೇ ಹೇಳಿ. ನೀವು ಹೇಳಿದರೆ ಕೇಳುತ್ತಾರೆ.

ಅಣ್ಣನ ಯೂನಿಫಾರ್ಮಿನ ಫೋಟೋ ಸ್ಟೇಟಸ್ ಹಾಕಿದ್ದೆ, ಯಾವ ಊರಲ್ಲಿದ್ದಾನೆ ಅಂತಲೂ ಬರೆದಿದ್ದೆ. ಅಣ್ಣ ಫೋನ್ ಮಾಡಿ ಬೈದು ತೆಗೆಸಿದ. ನಾನು ಹೆಮ್ಮೆಯಿಂದ ಹಾಕಿದ್ದಲ್ವಾ?
— ಉಪ್ಪಳದ ಕಾಲೇಜು ಹುಡುಗಿ

ಹೆಮ್ಮೆ ಸರಿ ಮಗಳೇ, ಬೈಗಳೂ ಸರಿ. 2020ರ ಜುಲೈಯಲ್ಲಿ ಸೈನ್ಯದವರು 89 ಆ್ಯಪ್‌ಗಳನ್ನು ಫೋನಿಂದ ತೆಗೆಯಿರಿ ಅಂತ ಹೇಳಿದ್ದರು, ಫೇಸ್‌ಬುಕ್ ಇನ್‌ಸ್ಟಾಗ್ರಾಂ ಸಮೇತ. ಸೈನಿಕನ ಬಾಯಿ ಕಟ್ಟಿದ ಮೇಲೆ ಮಾಹಿತಿ ಬೇಕಾದವರು ಮನೆಯವರ ಫೋನಿಗೆ ಬರುತ್ತಾರೆ. ಚಂದದ ಹುಡುಗಿಯ ಫೋಟೋ ಇಟ್ಟುಕೊಂಡು "ನಿಮ್ಮಣ್ಣ ಯಾವ ಯೂನಿಟ್ಟು" ಅಂತ ಕೇಳುವವಳು ಹುಡುಗಿಯೇ ಆಗಿರಬೇಕು ಅಂತಿಲ್ಲ. ಅಣ್ಣ ಲುಂಗಿ ಉಟ್ಟು ಹಲಸಿನ ಹಣ್ಣು ಬಿಡಿಸುವ ಫೋಟೋ ಹಾಕು. ಅದಕ್ಕೂ ಬೈದರೆ ನನಗೆ ಹೇಳು.

ಫೆಬ್ರವರಿಯಲ್ಲಿ ನಮ್ಮ ಮನೆಯ ದೈವದ ಕೋಲ. ಮಗ ಬರಲೇಬೇಕು. ಅವನು ರಜೆ ಸಿಗುವುದು ಕಷ್ಟ ಅಂತಾನೆ. ಅಜ್ಜಿಗೆ ಸೀರಿಯಸ್ ಅಂತ ಕಾಗದ ಹಾಕಿದರೆ ಕೂಡಲೇ ಕಳಿಸುತ್ತಾರೆ ಅಂತ ಒಬ್ಬರು ಹೇಳಿದರು. ಹೌದಾ?
— ಪೈವಳಿಕೆಯ ಓದುಗರು

ಆ ಒಬ್ಬರಿಗೆ ನನ್ನದೊಂದು ನಮಸ್ಕಾರ ಹೇಳಿ. ಇದು ಹಳೇ ವಿದ್ಯೆ. ಟೆಲಿಗ್ರಾಂ ಇದ್ದ ಕಾಲದಲ್ಲಿ "ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ" ಅಂತ ಬರುತ್ತಿತ್ತು, ಕೊಯ್ಲಿನ ಸಮಯಕ್ಕೆ ಮದರ್‌ಗಳು ಗುಂಪು ಗುಂಪಾಗಿ ಸೀರಿಯಸ್ ಆಗುತ್ತಿದ್ದರು! ಒಬ್ಬ ಹುಡುಗನ ಅಜ್ಜಿ ಮೂರು ಸಲ ತೀರಿಕೊಂಡದ್ದು ನಮ್ಮ ಕಂಪನಿಯಲ್ಲಿ ದೊಡ್ಡ ಕಥೆ. 2013ರ ಜುಲೈಯಲ್ಲಿ ಟೆಲಿಗ್ರಾಂ ನಿಂತಿತು, ವಿದ್ಯೆ ನಿಂತಿಲ್ಲ ಅಂತ ಈಗ ಗೊತ್ತಾಯಿತು. ಸಂಶಯ ಬಂದರೆ ಊರಿನಿಂದಲೇ ವಿಚಾರಿಸಿ ತಿಳಿದುಕೊಳ್ಳುತ್ತಾರೆ. ಸಿಕ್ಕಿಬಿದ್ದರೆ ಶಿಕ್ಷೆ ನಿಮಗಲ್ಲ, ಮಗನಿಗೆ. ಮತ್ತೆ ನಿಜವಾಗಿ ಅಜ್ಜಿಗೆ ಹೆಚ್ಚುಕಡಿಮೆ ಆದ ದಿನ ಅವನ ಮಾತು ಯಾರೂ ನಂಬುವುದಿಲ್ಲ.

ನೇರ ದಾರಿ ಹೀಗೆ. ಖಾಯಂ ಸೈನಿಕರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ಅಗ್ನಿವೀರನಾದರೆ ವರ್ಷಕ್ಕೆ 30. ಯಾರು ಯಾವ ತಿಂಗಳು ಹೋಗುವುದು ಅಂತ ಕಂಪನಿಯಲ್ಲಿ ಮೊದಲೇ ಪಟ್ಟಿ ಮಾಡುತ್ತಾರೆ. ಎಲ್ಲರಿಗೂ ಓಣಂ, ದೀಪಾವಳಿ, ತಂಗಿ ಮದುವೆ ಇರುತ್ತದೆ. ಹಾಗಾಗಿ ಕೋಲದ ದಿನ ನಿಶ್ಚಯವಾದ ಸಂಜೆಯೇ ಮಗನಿಗೆ ಹೇಳಿ, ಅವನು ಅರ್ಜಿ ಕೊಟ್ಟಿಡಲಿ. ರೈಲನ್ನೂ ಲೆಕ್ಕ ಹಾಕಿ. ಡೆಲ್ಲಿಯಿಂದಾದರೆ ಮಂಗಳಾ ಎಕ್ಸ್‌ಪ್ರೆಸ್ ದಿನಾ ಉಂಟು, ಕೊಂಕಣ ದಾರಿಯಲ್ಲಿ ಬಂದು ಕಾಸರಗೋಡಿನಲ್ಲೇ ಇಳಿಯಬಹುದು. ಜಮ್ಮುವಿನ ಕಡೆಯಿಂದ ನೇರ ಬರುವ ನವಯುಗ ವಾರಕ್ಕೊಂದೇ, ಪಾಲಕ್ಕಾಡಿನ ಮೇಲೆ ಸುತ್ತಿ ಬರುವಾಗ ಮೂರು ದಿನ ಹಿಡಿಯುತ್ತದೆ. ಆ ಮೂರು ದಿನ ಹೋಗುವುದು ಗೊತ್ತೇ ಆಗುವುದಿಲ್ಲ. ವಾಪಸು ಹೋಗುವ ಮೂರು ದಿನ ಮಾತ್ರ, ದೇವರೇ!

ಸುಳ್ಳು ಹೇಳಿ ಕರೆಸುವುದು ಒಂದಾದರೆ, ನಿಜ ಮುಚ್ಚಿಡುವುದು ಇನ್ನೊಂದು. ಅದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಮೂರು ನಾಲ್ಕು ಪತ್ರದಲ್ಲಿ "ಅವನಿಗೆ ಬೇಜಾರಾಗುವುದು ಬೇಡ ಅಂತ ನಾವು ಹೇಳಿಲ್ಲ" ಅಂತ ಇತ್ತು. ನಾನು ಟ್ರೈನಿಂಗಿನಲ್ಲಿರುವಾಗ ನನ್ನ ಅಜ್ಜಿ ತೀರಿಕೊಂಡರು. ಮನೆಯವರು ಹೇಳಲಿಲ್ಲ. ಮಧ್ಯದಲ್ಲಿ ಬಿಟ್ಟು ಬಂದಾನು ಅಂತ ಹೆದರಿಕೆ. ಮೂರು ತಿಂಗಳು ಪ್ರತಿ ಇನ್‌ಲ್ಯಾಂಡಿನಲ್ಲೂ "ಅಜ್ಜಿ ಕೇಳಿದ್ದಾರೆಂದು ತಿಳಿಸಲು ಹೇಳಿದ್ದಾರೆ" ಅಂತ ಬರೆದರು. ರಜೆಗೆ ಬಂದು ಮೆಟ್ಟಿಲು ಹತ್ತಿದಾಗ ಜಗಲಿಯ ಮೂಲೆಯಲ್ಲಿ ಅಜ್ಜಿಯ ಎಲೆಅಡಿಕೆ ಕುಟ್ಟುವ ಕಲ್ಲನ್ನು ತೊಳೆದು ಕವುಚಿ ಹಾಕಿದ್ದು ಕಂಡಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ಪೆಟ್ಟಿಗೆ ಕೆಳಗಿಟ್ಟು ಅಲ್ಲೇ ಕೂತೆ. ಅಮ್ಮ ಕಾಫಿ ತಂದಿಟ್ಟರು, ಆರಿಹೋಯಿತು. ಸಾವಿಗಿಂತ ಆ ಮೂರು ತಿಂಗಳ ಕಾಗದಗಳ ಸಿಟ್ಟು ಜಾಸ್ತಿ ದಿನ ಉಳಿಯಿತು ನನಗೆ. ಆಮೇಲೆ ಮನೆಯಿಂದ "ಎಲ್ಲರೂ ಸೌಖ್ಯ" ಅಂತ ಬಂದಾಗಲೆಲ್ಲ ನನಗೆ ನಂಬಿಕೆ ಬರುತ್ತಿರಲಿಲ್ಲ. ಕರುವಿನ ಚುಕ್ಕೆಯಂಥದ್ದೇನಾದರೂ ಬರೆದಿದ್ದರೆ ಮಾತ್ರ ಪೂರ್ತಿ ಕಾಗದ ನಂಬುತ್ತಿದ್ದೆ.

ಪಾರ್ಸೆಲ್ ಕಳಿಸಬಹುದಾ? ವಿಳಾಸ ಹೇಗೆ ಬರೆಯುವುದು? ಊರೇ ಇಲ್ಲವಲ್ಲ!
— ಕುಂಬಳೆ

ಕಳಿಸಬಹುದು. ಅವನ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೆಳಗೆ ಕೇರ್ ಆಫ್ 56 ಎಪಿಒ ಇಲ್ಲವೇ 99 ಎಪಿಒ (ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ), ಅವನು ಕೊಟ್ಟ ಪಿನ್ನು. ಊರಿನ ಹೆಸರು ಬರೆಯಲೇಬಾರದು. ಮುಂದಿನದ್ದನ್ನು ಸೈನ್ಯದ ಅಂಚೆಯವರು ನೋಡಿಕೊಳ್ಳುತ್ತಾರೆ. ತಡ ಆಗುತ್ತದೆ ಅಂತ ಲೆಕ್ಕ ಇಟ್ಟುಕೊಂಡೇ ಕಳಿಸಿ.

ಹಲಸಿನ ಹಪ್ಪಳ (ಹುರಿಯದ್ದು, ಲಂಗರಿನಲ್ಲಿ ಹುರಿದು ಕೊಡುತ್ತಾರೆ), ಬಾಳೆಕಾಯಿ ಚಿಪ್ಸು, ಸಾಂತಾಣಿ (ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ). ಕುಪ್ಪಿಯಲ್ಲಿ ಯಾವುದೂ ಬೇಡ. ನಾನು ಒಮ್ಮೆ ಕಬ್ಬಿಣದ ಪೆಟ್ಟಿಗೆಯಲ್ಲಿ ಮಿಡಿ ಉಪ್ಪಿನಕಾಯಿಯ ಕುಪ್ಪಿ ಇಟ್ಟುಕೊಂಡು ಹೋಗಿ, ರೈಲಿನಲ್ಲಿ ಅದು ಒಡೆದು, ಎರಡು ಜೊತೆ ಯೂನಿಫಾರ್ಮು, ಟವಲು, ರಜೆಚೀಟಿ ಎಲ್ಲ ಕೆಂಪು. ಕ್ಯಾಂಪಿನಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಇಡೀ ಬ್ಯಾರಕ್ ಮಾವಿನಮಿಡಿ ಪರಿಮಳ. ರಜೆಯಿಂದ ಬಂದವನ ಪೆಟ್ಟಿಗೆ ಎಲ್ಲರದ್ದು ಅಂತ ನಿಯಮ. ಕಡಪದ ಒಬ್ಬ ಜೊತೆಗಾರ ಬಂದು ಗಾಜಿನ ಚೂರು ಆರಿಸಿ ಬದಿಗಿಟ್ಟು, ಟವಲಿನ ಮೇಲೆ ಉಳಿದಿದ್ದ ಒಂದು ಮಿಡಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡ. ನಾನು ಗಾಜು ಉಂಟು, ಬೇಡ ಅನ್ನುವ ಮೊದಲೇ ಹೇಳಿದ: "ರುಚಿ ಪರವಾಗಿಲ್ಲ, ಖಾರ ಸಾಲದು." ಆ ಟವಲು ಸೇವೆ ಮುಗಿಯುವ ತನಕ ಬಿಳಿಯಾಗಲಿಲ್ಲ.

ನಾನು ಕನ್ನಡ ಮೀಡಿಯಂ. ಸೈನ್ಯಕ್ಕೆ ಸೇರಬೇಕು ಅಂತ ಆಸೆ. ಹಿಂದಿ ಬರುವುದಿಲ್ಲ, ಪರೀಕ್ಷೆ ಪಾಸಾಗುತ್ತೇನಾ?
— ಅಡೂರಿನ ಪ್ಲಸ್ ಟೂ ವಿದ್ಯಾರ್ಥಿ

ಕಾಸರಗೋಡಿನವರ ಭರ್ತಿ ಕೋಝಿಕ್ಕೋಡಿನ ಕಚೇರಿಯ ಲೆಕ್ಕಕ್ಕೆ ಬರುತ್ತದೆ. ಈಗ ಮೊದಲು ಕಂಪ್ಯೂಟರ್ ಪರೀಕ್ಷೆ, ಪಾಸಾದವರಿಗೆ ಆಮೇಲೆ ಓಟ. 2025ರಲ್ಲಿ 13 ಭಾಷೆಯಲ್ಲಿ ಪ್ರಶ್ನೆಪತ್ರಿಕೆ ಇತ್ತು, ಅದರಲ್ಲಿ ಕನ್ನಡವೂ ಒಂದು. ಫಾರಂ ತುಂಬುವಾಗ ಭಾಷೆ ಆರಿಸಲು ಮರೆಯಬೇಡ. ಹಿಂದಿ ಅಲ್ಲಿಗೆ ಹೋದ ಮೇಲೆ ಬರುತ್ತದೆ, ಬೈಗಳಿಂದ ಶುರುವಾಗಿ. ಓಟ ಮಾತ್ರ ಇವತ್ತಿನಿಂದಲೇ ಶುರು ಮಾಡು. 1.6 ಕಿಲೋಮೀಟರ್ ಅಂದರೆ ಸಣ್ಣದು ಅನಿಸುತ್ತದೆ, ಗಡಿಯಾರ ಹಿಡಿದು ಓಡಿ ನೋಡು. ನಮ್ಮ ಕಡೆ ಸಮತಟ್ಟು ಮೈದಾನ ಇಲ್ಲ ಅಂತ ನೆಪ ಹೇಳಬೇಡ, ಗುಡ್ಡದಲ್ಲಿ ಓಡಿದವನಿಗೆ ಮೈದಾನ ಸುಲಭ.

ಮಿಲಿಟ್ರಿ ಮಾವ, ನಮ್ಮ ಅಣ್ಣ ಹೋಗಿ ಒಂದು ವರ್ಷ ಆಯ್ತು. ಬರುವ ತಿಂಗಳು ಬರ್ತಾನೆ. ನಮ್ಮ ನಾಯಿಗೆ ಅವನ ಗುರುತು ಸಿಗ್ತದಾ?
— ಬಾಯಾರು, ನಾಲ್ಕನೇ ಕ್ಲಾಸು

ಮೊದಲು ಬೊಗಳುತ್ತದೆ. ನಮ್ಮದೂ ಬೊಗಳಿತ್ತು. ತಲೆಕೂದಲು ಇಲ್ಲ, ಬೂಟ್ ಪಾಲಿಶಿನ ವಾಸನೆ, ನಡೆಯುವುದೂ ಬೇರೆ ರೀತಿ. ಪಾಪ, ಅದಾದರೂ ಏನು ಮಾಡುತ್ತದೆ. ನಾನು ಅಂಗಳದಲ್ಲೇ ಬೂಟು ಬಿಚ್ಚಿ ಒಳಗೆ ಹೋಗಿ ಹಳೇ ಲುಂಗಿ ಉಟ್ಟು ಬಂದೆ. ಆಮೇಲೆ ಅದು ನನ್ನ ಕಾಲು ಬಿಡಲೇ ಇಲ್ಲ. ಅಣ್ಣನ ಹಳೇ ಲುಂಗಿ ಮನೆಯಲ್ಲಿ ಉಂಟಾ ನೋಡು. ಅಮ್ಮ ಅದನ್ನು ನೆಲ ಒರೆಸಲು ತೆಗೆಯದ ಹಾಗೆ ಒಂದು ತಿಂಗಳು ಕಾಯ್ದುಕೊಂಡರೆ ಸಾಕು.